ಬೆಲ್ಟಿನ ಮೇಲಿನ ಹೆಸರು

ತಮ್ಮಾ ಫರ್ದೀನ,

ನೀನು ಹೋಗಿ ವರ್ಷವಾದ ಮೇಲೆ, ಇವತ್ತು ನಿನ್ನ ರಕ್ಷಣಾ ತಂಡದವರು ನನ್ನನ್ನು ಮುಂಬಯಿಯ ಮುಲುಂಡ್‌ಗೆ ಕರೆಸಿದ್ದರು. ಹೆಲಿಕಾಪ್ಟರಿನಿಂದ ಕಣಿವೆಗೆ ಇಳಿಯುವವರಿಗೆ ಮೈಗೆ ಬಿಗಿದುಕೊಳ್ಳುವ ಹೊಸ ಹಾರ್ನೆಸ್ ಬೆಲ್ಟ್ ಆರಿಸಬೇಕಿತ್ತು. ‘ಹೊಲಿಗಿ ನೋಡಾಕ ನಿಮ್ಮಂಥ ಟೇಲರ್ ಬೇಕ್ರಿ, ಆರಿಫಾ ಆಪಾ,’ ಎಂದರು ನಿನ್ನ ಲೀಡರ್ ಶಶಿಕಾಂತ.

‘ಇದರ ಮ್ಯಾಲ ಅವರವರ ಹೆಸರು ಹೊಲಿದುಕೊಡ್ಲೇನ್ರಿ?’ ಎಂದೆ.

‘ಅರೇ ಆಪಾ, ಬ್ಯಾಡ್ರಿ! ಸೂಜಿ ಚುಚ್ಚಿದ್ರ ಒಳಗಿನ ಎಳಿ ತುಂಡಾಗ್ತಾವ. ಭಾರ ಬಿದ್ದಾಗ ಅಲ್ಲೇ ಹರೀತದ.’

ಕೈಯಲ್ಲಿದ್ದ ಕೆಂಪು ಬೆಲ್ಟನ್ನು ಮಗುಚಿ ಒಳಮಗ್ಗುಲು ನೋಡಿದೆ. ನಿನ್ನ ಬೆಲ್ಟ್ ಯಾರದ್ದರೊಂದಿಗೂ ಅದಲುಬದಲಾಗದಿರಲೆಂದು ಒಳಮಗ್ಗುಲಿಗೆ ನಿನ್ನ ಹೆಸರು ಹೊಲಿದಿದ್ದೆ. ಗಟ್ಟಿಯಾಗಿರಲೆಂದು ಎರಡೆರಡು ಸಲ ಮಿಷನ್ ಓಡಿಸಿದ್ದೆ.

‘ಅವತ್ತು ಫರ್ದೀನನ ಬೆಲ್ಟ್ ಸಿಕ್ಕಿದ್ರ, ಯಾಕ ಹರೀತು ಅಂತಾದ್ರೂ ತಿಳೀತಿತ್ತು,’ ಎಂದರು ಶಶಿಕಾಂತ.

ನಾನು, ಈ ಕೆಂಪು ಬೆಲ್ಟಿನ ಹೊಲಿಗೆ ಚೆನ್ನಾಗಿದೆ ಎಂದೆ.