ಕೆಡವುವ ಗೋಡೆಗೆ ಬಳಿದ ಬಣ್ಣ

ಮಾರ್ಚ್ ೯, ಭಾನುವಾರ

ಮಕ್ಕಳ ಅಪ್ಪನಿಗೆ,

ನಾವೆಲ್ಲ ಹುಷಾರಾಗಿದ್ದೇವೆ, ನೀವೂ ಹುಷಾರಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಬರೆಯಲು ಕೂತರೆ ಬರೀ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಇವತ್ತೂ ಕೋಪ ಇಳಿದಿಲ್ಲ, ಆದರೆ ಇದನ್ನು ಹರಿಯುವುದಿಲ್ಲ. ಅತ್ತೆಯ ಕೆಮ್ಮು ಕಡಿಮೆಯಾಗಿದೆ. ದೊಡ್ಡವಳು ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕ ತೊಡೆಯ ಮೇಲಿದೆ, ಕಣ್ಣು ಕಿಟಕಿಯಾಚೆ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಹಿಂದಿನ ಅಂಗಳದ ಮಹಡಿ ಮನೆ ಕೆಡವಲು ಅನುಮತಿ ಕೊಡಿ ಎಂದು ನಗರಸಭೆಗೆ ಅರ್ಜಿ ಹಾಕಿದವಳು ನಾನು. ಬಾಲ್ಕನಿಯ ಕಂಬಿಗಳು ಗೋಡೆಯಿಂದ ಕಿತ್ತು ಬಂದು ನಮ್ಮ ಚಿಕ್ಕವಳನ್ನು ಕೆಳಗೆ ಬೀಳಿಸಿ ಕೊಂದ ಕಟ್ಟಡ ಅದು. ಪಕ್ಕದ ಮನೆಯ ಮಕ್ಕಳು ಇವತ್ತಿಗೂ ಅದರ ಕೆಳಗೇ ಚೆಂಡಾಡುತ್ತಾರೆ. ಅವರ ಕೂಗು ಕೇಳಿದಾಗಲೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಹಿಂದಕ್ಕೆ ಓಡುತ್ತೇನೆ. ಇಂಜಿನಿಯರ್ ಒಮ್ಮೆ ಬಂದು ನೋಡಲಿ ಎಂದು ಆ ಆಫೀಸಿಗೆ ಅಲೆದು ಅಲೆದು ಚಪ್ಪಲಿ ಸವೆಸಿದೆ. ಈ ಮೇಜಿನವನು ಆ ಮೇಜಿಗೆ ಹೋಗಿ ಎನ್ನುತ್ತಾನೆ, ಆ ಮೇಜಿನವನು ಊಟಕ್ಕೆ ಹೋಗಿರುತ್ತಾನೆ. ಒಬ್ಬ ಗುಮಾಸ್ತನಂತೂ, "ಕೆಡವೋದು ಯಾಕಮ್ಮಾ? ಬಾಡಿಗೆಗೆ ಕೊಡಿ, ಕೂತ್ಕೊಂಡು ತಿನ್ಬೋದು" ಎಂದ. ಮೈಯೆಲ್ಲ ಉರಿದುಹೋಯಿತು. "ನೀವೇ ಹೆಂಡ್ತಿ ಮಕ್ಳನ್ನ ಕರ್ಕೊಂಡ್ ಬಂದು ಇರಿ. ಬಾಡಿಗೆ ಬೇಡ, ಪುಕ್ಕಟೆ ಕೊಡ್ತೀನಿ" ಎಂದೆ. ಆಮೇಲೆ ಫೈಲು ಸಿಕ್ಕಿತು.

ಇಂಜಿನಿಯರ್ ಬರುವ ದಿನ ಗೊತ್ತಾದಾಗ ನಿಮಗೆ ತಿಳಿಸಿದೆ. ನೀವು ಹಿಂದಿನ ದಿನವೇ ರಜೆ ಹಾಕಿ ಬಂದಿರಿ. ಇಬ್ಬರೂ ಒಟ್ಟಿಗೆ ನಿಂತು ತೋರಿಸೋಣ ಎಂದುಕೊಂಡು ನಾನು ನೆಮ್ಮದಿಯಾಗಿ ಹೊಲಿಗೆ ಅಂಗಡಿಗೆ ಹೋದೆ. ಸಂಜೆ ಬಂದರೆ ಅಂಗಳದ ತುಂಬ ಬಣ್ಣದ ವಾಸನೆ! ಬಿರುಕಿಗೆಲ್ಲ ನಿಮ್ಮ ಆ ಬಿಳಿ ಹಿಟ್ಟಿನ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಕೆನೆ ಬಣ್ಣ ಹೊಡೆದು, ಏಣಿ ಮಡಿಸಿಟ್ಟು ನೀವು ಬಸ್ಸು ಹತ್ತಿಯೂ ಆಗಿತ್ತು. "ಸಾಹೇಬ್ರು ಬರ್ತಾರೆ, ಗೋಡೆ ಹಂಗಿದ್ರೆ ಪೇಂಟರ್ ಮನೆ ಅನ್ನೋಕೆ ನಾಚಿಕೆ ಆಗಲ್ವಾ ಅಂದ ಕಣೇ" ಎಂದರು ಅತ್ತೆ. ನಾಲ್ಕು ಜನ ನೋಡುವ ಗೋಡೆ ಮಾಸಿರಬಾರದು, ಅದು ನಿಮ್ಮ ಕಸುಬಿನ ಮರ್ಯಾದೆ, ಗೊತ್ತು. ಆದರೆ ರೀ, ಕೆಡವುವ ಗೋಡೆಗೆ ಯಾರಾದರೂ ಬಣ್ಣ ಬಳಿಯುತ್ತಾರೆಯೇ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಇದರಲ್ಲಿ ಕೋಣ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಮರುದಿನ ಇಂಜಿನಿಯರ್ ಅಂಗಳದಲ್ಲೇ ನಿಂತು ಕತ್ತೆತ್ತಿ ನೋಡಿದ. "ಎಷ್ಟ್ ಚೆನ್ನಾಗ್ ಇಟ್ಕೊಂಡಿದೀರಮ್ಮಾ! ಇದನ್ಯಾಕೆ ಕೆಡವ್ತೀರಿ?" ಬಿರುಕಿದೆ ಎಂದರೆ, "ಎಲ್ಲಿದೆ ತೋರ್ಸಿ" ಎಂದ. ತೋರಿಸಲು ನನಗೇ ಗೊತ್ತಾಗಲಿಲ್ಲ, ಅಷ್ಟು ಚೆನ್ನಾಗಿ ಮುಚ್ಚಿದ್ದಿರಿ. ಕಂಬಿ ಕಿತ್ತ ಬಾಲ್ಕನಿ ತೋರಿಸಿದರೆ, "ಹೊಸಾ ಕಂಬಿ ಹಾಕ್ಸಿ, ಸಾಕು" ಎಂದ. ಕಟ್ಟಡ ಸುಸ್ಥಿತಿಯಲ್ಲಿದೆ, ಅನುಮತಿ ಇಲ್ಲ ಎಂದು ಕಾಗದ ಬಂತು. ಮೇಲೆ ಥಳುಕು ಒಳಗೆ ಹುಳುಕು ಎಂಬುದು ಆ ಪುಣ್ಯಾತ್ಮನ ಓದಿನಲ್ಲಿ ಬಂದಿಲ್ಲವೆಂದು ಕಾಣುತ್ತದೆ.

ನಾನು ಬಿಡುವವಳೇ? ನಿಮ್ಮ ಪುಟ್ಟಿ ಕೆರೆಯುವ ತಗಡು ಹುಡುಕಿ ತೆಗೆದೆ. ದೊಡ್ಡವಳೂ ಬಂದಳು. ಅತ್ತೆ ಕೆಳಗೆ ಕುರ್ಚಿ ಹಾಕಿಕೊಂಡು, "ಅಲ್ಲಿ ಬಿಟ್ಟೆ ನೋಡು, ಇಲ್ಲಿ ಬಿಟ್ಟೆ ನೋಡು" ಎಂದು ಮೇಸ್ತ್ರಿಕೆ ಮಾಡಿದರು. ಕೈಯೆಲ್ಲ ಬೊಬ್ಬೆ ಬಂತು, ಬಿರುಕುಗಳು ಮತ್ತೆ ಬಾಯಿ ಬಿಟ್ಟವು. ಆಮೇಲೆ ಹೋಗಿ ಆಫೀಸಿನ ಬಾಗಿಲಲ್ಲೇ ಕೂತೆ. ಇಂಜಿನಿಯರ್ ಗೊಣಗುತ್ತಾ ಬಂದ. ಮಹಡಿ ಹತ್ತಿಸಿ, ಮೆಟ್ಟಿಲ ಪಕ್ಕದ ಬಿರುಕು ತೋರಿಸಿ, "ಕೈ ಹಾಕಿ ನೋಡಿ ಸಾಹೇಬ್ರೇ" ಎಂದೆ. ಮಣಿಕಟ್ಟಿನವರೆಗೂ ಹೋಯಿತು. ಕೈ ಎಳೆದುಕೊಂಡವನೇ ದಡದಡ ಕೆಳಗಿಳಿದು, "ಇದನ್ನ ಮೊದ್ಲೇ ಹೇಳ್ಬಾರ್ದಿತ್ತೇನಮ್ಮಾ?" ಎಂದು ನನಗೇ ಜೋರು ಮಾಡಿದ. ಹೇಗಿದೆ ನೋಡಿ!

ಮೊನ್ನೆ ಅನುಮತಿ ಕೈಗೆ ಬಂತು. ಮುಂದಿನ ಸೋಮವಾರ, ಹದಿನೇಳಕ್ಕೆ, ಕೆಡವುವವರು ಬರುತ್ತಾರೆ. ರಜೆ ಸಿಗಲಿಲ್ಲ ಎಂದು ಬರೆಯಬೇಡಿ. ನೀವು ಬರಲೇಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಎತ್ತರದಲ್ಲಿ ಕೆಲಸ ಮಾಡುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ. ಎಷ್ಟೇ ಬೈದರೂ ಕೊನೆಗೆ ನಿಮಗೆ ಒಳ್ಳೆಯದಾಗಲಿ ಎಂದೇ ಬಾಯಲ್ಲಿ ಬರುತ್ತದೆ, ಏನು ಮಾಡಲಿ.

ನಿಮ್ಮ ಮಕ್ಕಳ ಅಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬಾಲ್ಕನಿಯಲ್ಲಿ ಕಿತ್ತು ಬಾರದೆ ಉಳಿದ ಒಂದು ಕಂಬಿ ಇದೆಯಲ್ಲ, ಅದರ ಬುಡ ಕೆರೆಯುತ್ತಿದ್ದೆ. ಕೆನೆ ಬಣ್ಣದ ಕೆಳಗೆ ನೀಲಿ ಬಂತು. ಚಿಕ್ಕವಳು ಹಟ ಹಿಡಿದು ನಿಮ್ಮಿಂದ ಬಳಿಸಿಕೊಂಡ ನೀಲಿ. ಆ ನೀಲಿಯ ಕೆಳಗೂ ಪುಟ್ಟಿ ಇತ್ತು. ಸಿಮೆಂಟಲ್ಲ, ಕಂಬಿಯನ್ನು ಹಿಡಿದಿಡಲಾರದ ಪುಟ್ಟಿ. ಕಂಬಿ ಅಲುಗಾಡುತ್ತಿದ್ದುದು ಅವಳಿದ್ದಾಗಲೇ ನಿಮಗೆ ಗೊತ್ತಿತ್ತು. ಅವಳು ಹೋದ ಮೇಲೆ ನೀವು ಒಮ್ಮೆಯೂ ಅವಳ ಮಾತೆತ್ತದೇ ಇದ್ದುದು ಯಾಕೆ, ಇಂಜಿನಿಯರ್ ಬರುವ ಮುಂಚೆ ಓಡಿ ಬಂದದ್ದು ಯಾಕೆ ಎಂದು ನನಗೆ ಈಗ ಅರ್ಥವಾಗಿದೆ. ಅತ್ತೆಗೆ ಹೇಳಿಲ್ಲ, ದೊಡ್ಡವಳಿಗೂ ಹೇಳಿಲ್ಲ. ಆ ಒಂದು ಜಾಗವನ್ನು ಪೂರ್ತಿ ಕೆರೆಯದೆ ಅರ್ಧಕ್ಕೇ ಬಿಟ್ಟಿದ್ದೇನೆ. ಸೋಮವಾರ ಬನ್ನಿ. ಮೊದಲ ಏಟು ಅಲ್ಲಿಗೆ ನೀವೇ ಹಾಕಬೇಕು, ನಾನು ಪಕ್ಕದಲ್ಲಿ ನಿಂತಿರುತ್ತೇನೆ.