ಬೀಗ ಹಾಕಿದ ಮನೆಯ ಕರೆಂಟು

೯ ಜನವರಿ ೨೦೦೬, ಸೋಮವಾರ

ಬೆಳಗಿನ ಪಾಳಿ. ಮೋಟೆಬೆನ್ನೂರು ಕ್ರಾಸಿನಲ್ಲಿ ನಿಂತು ಬ್ಯಾಡಗಿ ಬಸ್ಸುಗಳ ಟಿಕೆಟ್ ಚೆಕ್ಕಿಂಗ್. ಪೇಟೆಯ ದಿನ, ಒಳಗೆ ಕಾಲಿಡಲು ಜಾಗವಿಲ್ಲ. ಟಿಕೆಟ್ ಇಲ್ಲದವನೊಬ್ಬ ಸಿಕ್ಕ. ಮುಖ ನೋಡುವುದೇ ಬೇಡ, ಕಾಲು ನೋಡಿದರೆ ಸಾಕು. ಟಿಕೆಟ್ ತೆಗೆಸದವನ ಪಾದ ಬಾಗಿಲ ಕಡೆಗಿರುತ್ತದೆ. ದಂಡ ಹಾಕಿದೆ. ಅತ್ತ. ಅಳುವವರನ್ನಂತೂ ನಂಬಲೇಬಾರದು.

ಮಧ್ಯಾಹ್ನ ಬ್ಯಾಡಗಿಯ ಮನೆ ಕಡೆ ಹೋದೆ. ನಾವಿರುವುದು ಹಾವೇರಿಯಲ್ಲಿ. ಅಪ್ಪ ತೀರಿಕೊಂಡಾಗಿನಿಂದ ಈ ಮನೆಗೆ ಬೀಗ. ಬಾಡಿಗೆಗೆ ಕೊಡು ಎನ್ನುತ್ತಾರೆ... ಯಾರನ್ನು ನಂಬಿ? ಕರೆಂಟಿನ ಬಿಲ್ಲನ್ನು ಪಕ್ಕದ ಮನೆಯ ಶಮಶೇರಸಾಬ ಕಾಕಾ ತೆಗೆದಿಟ್ಟಿರುತ್ತಾರೆ. ಅಪ್ಪನ ಗೆಳೆಯ, ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದವರು. ಇವತ್ತು ಬಿಲ್ಲು ಕೈಗಿಟ್ಟು ಒಳಗೆ ಹೋಗಿಬಿಟ್ಟರು. ಎಂದಿನ ಹಾಗೆ ಚಹಾ ಎನ್ನಲಿಲ್ಲ.

ಬಿಡಿಸಿ ನೋಡಿದೆ. ಇಲ್ಲಿಯವರೆಗೆ ಕನಿಷ್ಠ ಶುಲ್ಕ ಬಿಟ್ಟು ಏನೂ ಬಂದಿರಲಿಲ್ಲ. ಈ ಸಲ ನಾವು ವಾಸವಿರುವ ಮನೆಗಿಂತ ಹೆಚ್ಚು.

ಬೀಗ ಹಾಗೇ ಇದೆ. ಕಿಟಕಿ ಮುಚ್ಚಿದೆ. ದೀಪ ಹಚ್ಚುವವರಿಲ್ಲ. ಕರೆಂಟು ಯಾರು ಕುಡಿದರು?

೧೦ ಜನವರಿ

ಕರೆಂಟ್ ಆಫೀಸಿಗೆ ಹೋಗಿದ್ದೆ. ಗುಮಾಸ್ತ ಮೀಟರ್ ಓದಿದ ಪುಸ್ತಕ ತೆರೆದು ತೋರಿಸಿದ. ಓದಿದ್ದರಲ್ಲಿ ತಪ್ಪಿಲ್ಲ. ಮೀಟರೂ ಹೊಸದು. ಬೇಕಾದರೆ ಅರ್ಜಿ ಕೊಡಿ, ಲೈನ್‌ಮನ್ ಬಂದು ನೋಡುತ್ತಾನೆ ಎಂದ. ಕೊಟ್ಟೆ.

ಮನೆಗೆ ಬಂದು ಹೆಂಡತಿ ದ್ರಾಕ್ಷಾಯಿಣಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ತಿರುಗಲಿಲ್ಲ. ಕಟ್ಟಿದರಾಯಿತು ಬಿಡಿ ಅಂದಳು. ಅಷ್ಟು ಸಲೀಸಾಗಿ?

೧೯ ಜನವರಿ

ಇವತ್ತು ಲೈನ್‌ಮನ್ ಬಂದ. ಮೀಟರ್ ಹೊರಗೆ ಕಟ್ಟೆಯ ಮೇಲೆಯೇ ಇದೆ. ಚಕ್ರ ಅಲುಗಾಡದೆ ನಿಂತಿತ್ತು. ಈಗ ನಿಂತಿದೆ, ಉಳಿದ ಹೊತ್ತು? ನಮ್ಮ ಮನೆಗೂ ಕಾಕಾನ ಮನೆಗೂ ಒಂದೇ ಗೋಡೆ. ಅವರ ವೈರು ನೋಡು ಎಂದೆ.

ಓಣಿಯವರೆಲ್ಲ ಹೊರಬಂದರು. ಲೈನ್‌ಮನ್ ಏಣಿ ಹಾಕಿ ಹತ್ತಿದ, ಮಾಡಿನ ಹಂಚು ಸರಿಸಿದ, ಒಳಗೆ ಹೋಗಿ ಸ್ವಿಚ್ಚು ಬಿಚ್ಚಿದ. ಕಾಕಾ ಅಂಗಳದಲ್ಲಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಒಂದು ಮಾತಿಲ್ಲ. ಏನೂ ಸಿಗಲಿಲ್ಲ.

ಹೊರಡುವಾಗ ಅವರ ಹೆಂಡತಿ ಸಕೀನಾಬಿ ಬಾಗಿಲಿಗೆ ಬಂದರು. ಸಿಟ್ಟಿನ ದನಿಯಲ್ಲ.

"ಗುಡದಪ್ಪ, ನಿಮ್ಮಪ್ಪ ಇದ್ದಾಗ ಈ ಗ್ವಾಡ್ಯಾಗ ಒಂದು ಕಿಂಡಿ ಇತ್ತು. ಅದರಾಗಿಂದ ಸಾರು ಕೊಡತಿದ್ವಿ, ತಗೋತಿದ್ವಿ. ನೀ ಬಂದು ಸಿಮೆಂಟ್ ಹಾಕಿಸಿದಿ. ನಾವೇನರ ಅಂದ್ವೇನು?"

ಕಳ್ಳತನ ಮಾಡದವರು ಹಳೆಯ ಮಾತು ಯಾಕೆ ತೆಗೆಯುತ್ತಾರೆ?... ಆದರೆ ವೈರು ಸ್ವಚ್ಛ ಇತ್ತು. ಅದನ್ನೂ ಬರೆಯಬೇಕು.

೨೪ ಜನವರಿ, ಮಂಗಳವಾರ

ಹೊರಗಿನದು ಸರಿಯಿದ್ದರೆ ಒಳಗಿನದೇ ಇರಬೇಕು. ಬ್ಯಾಡಗಿಯ ಮನೆ ತೆರೆದು ನೋಡೋಣ, ಬೀಗದ ಕೈ ಒಯ್ಯೋಣವೆಂದು ಮಧ್ಯಾಹ್ನ ರಜೆ ಹಾಕಿ ಹಾವೇರಿಗೆ ಬಂದೆ. ಗಾಡ್ರೇಜ್ ಕಪಾಟಿನಲ್ಲಿ ಬೀಗದ ಕೈ ಇಲ್ಲ. ಇರುವುದು ಅದೊಂದೇ. ದ್ರಾಕ್ಷಾಯಿಣಿಯೂ ಮನೆಯಲ್ಲಿಲ್ಲ. ಅವಳ ಅಕ್ಕ ಮರಿಯವ್ವನಿಗೆ ಮೊಣಕಾಲು ನೋವು, ಮಂಗಳವಾರ ಶುಕ್ರವಾರ ರಾಣೇಬೆನ್ನೂರಿಗೆ ಹೋಗಿ ಎಣ್ಣೆ ಹಚ್ಚಿ ಬರುತ್ತಾಳೆ.

ಸಂಜೆ ಕೇಳಿದೆ. ನೀವೇ ಎಲ್ಲೋ ಇಟ್ಟಿರಬೇಕು ಅಂದಳು.

೨೫ ಜನವರಿ

ಬೀಗದ ಕೈ ಗಾಡ್ರೇಜಿನಲ್ಲಿದೆ. ಇದ್ದ ಜಾಗದಲ್ಲೇ.

ಏನೂ ಕೇಳಲಿಲ್ಲ. ಈಗ ಬ್ಯಾಡಗಿಗೆ ಓಡಿ ಮನೆ ತೆರೆದರೆ ಮನೆ ಸಿಗುತ್ತದೆ, ಮನುಷ್ಯರು ಸಿಗುವುದಿಲ್ಲ. ಕೆಲಸದಲ್ಲೂ ಹಾಗೆ. ದುಡ್ಡು ನುಂಗುವ ಕಂಡಕ್ಟರನನ್ನು ಹಿಡಿಯಬೇಕಾದರೆ ಮೊದಲ ಸ್ಟಾಪಿನಲ್ಲಿ ಹತ್ತಬಾರದು. ಬೀಗದ ಕೈಗೆ ಒಂದೆಳೆ ಬಿಳಿ ನೂಲು ಸುತ್ತಿಟ್ಟೆ.

೨೭ ಜನವರಿ, ಶುಕ್ರವಾರ

ನೂಲಿಲ್ಲ.

ಒಗೆಯಲು ಹಾಕಿದ ಅವಳ ಸೀರೆ ಎತ್ತಿ ಮೂಸಿದೆ. ಎಲ್ಲಿಗೆ ಬಂದು ನಿಂತೆ ನಾನು... ಮೂಸಿದೆ. ಸೀನು ಬಂತು. ಮೆಣಸಿನಕಾಯಿ ಘಾಟು. ರಾಣೇಬೆನ್ನೂರಿನಲ್ಲಿ ಎಣ್ಣೆ ಹಚ್ಚುವವಳ ಸೆರಗಿಗೆ ಮೆಣಸಿನಕಾಯಿ ಘಾಟು ಎಲ್ಲಿಂದ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲರಿಗೇನು ಕಡಿಮೆ. ಬಿಳಿ ಅಂಗಿ, ಬೈಕು, ಕೈಯಲ್ಲಿ ಮೊಬೈಲು. ನನ್ನಪ್ಪನ ಮನೆ. ನನ್ನ ಬಿಲ್ಲು.

೩೧ ಜನವರಿ

ರಾಣೇಬೆನ್ನೂರಿನಲ್ಲಿ ಡ್ಯೂಟಿ ಹಾಕಿಸಿಕೊಂಡೆ. ಮರಿಯವ್ವನ ಮನೆಗೆ ಹೋದೆ, ಹೇಳದೆ ಕೇಳದೆ. ಒಬ್ಬಳೇ ಇದ್ದಳು. ಎದ್ದು ಬಂದು ತಾನೇ ಬಾಗಿಲು ತೆಗೆದಳು, ಕುಂಟಲಿಲ್ಲ. ದ್ರಾಕ್ಷಾಯಿಣಿ ಈಗಷ್ಟೇ ಸಂತೆಗೆ ಹೋದಳು ಎಂದಳು. ಬರುವತನಕ ಕೂರುತ್ತೇನೆ ಎಂದೆ. ಆಗ ಬಾಯಿ ಒಣಗಿತು ಅವಳಿಗೆ. ನೀರು ತರಲು ಒಳಗೆ ಹೋದವಳು ಬಹಳ ಹೊತ್ತು ಹೊರಬರಲಿಲ್ಲ. ಎದ್ದು ಬಂದೆ.

ಅಕ್ಕತಂಗಿ ಸೇರಿ ಮಾಡುತ್ತಿದ್ದಾರೆ. ಓಣಿಯವರಿಗೂ ಗೊತ್ತಿರಬೇಕು. ಎಲ್ಲರಿಗೂ ಗೊತ್ತು, ನನಗೊಬ್ಬನಿಗೇ ಇಲ್ಲ.

೪ ಫೆಬ್ರವರಿ

ಇನ್ನೊಂದು ಬಿಲ್ಲು. ಹೋದ ತಿಂಗಳಿಗಿಂತ ಹೆಚ್ಚು. ಕಾಕಾ ಈಗ ಬಿಲ್ಲು ಎತ್ತಿಡುವುದಿಲ್ಲ, ಬಾಗಿಲಲ್ಲೇ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೆ ಇತ್ತು.

ಊಟ ಸೇರುತ್ತಿಲ್ಲ. ಆಕೆ ಕೇಳಿದಳು, ಮೈಯಲ್ಲಿ ಹುಷಾರಿಲ್ಲವೇ ಎಂದು. ಎಷ್ಟು ಚೆನ್ನಾಗಿ ಕೇಳುತ್ತಾಳೆ.

೧೦ ಫೆಬ್ರವರಿ, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮೋಟೆಬೆನ್ನೂರು ಕ್ರಾಸಿನಲ್ಲಿ ಹಾವೇರಿ–ಬ್ಯಾಡಗಿ ಬಸ್ಸು ನಿಲ್ಲಿಸಿದೆ. ಕಂಡಕ್ಟರ್ ಅಬ್ರಾರ. ನಾನು ಹಿಂದಿನಿಂದ ನೋಡುತ್ತ ಬಂದೆ. ಕಿಟಕಿ ಪಕ್ಕದ ಸೀಟಿನಲ್ಲಿ ಹಸಿರು ಸೀರೆ. ತೊಡೆಯ ಮೇಲೆ ಚೀಲ. ದ್ರಾಕ್ಷಾಯಿಣಿ.

ಸುತ್ತ ಜನ. ಆಕೆ ನನ್ನ ಹೆಂಡತಿಯೆಂದು ಅಬ್ರಾರನಿಗೆ ಗೊತ್ತಿಲ್ಲ. ನಾನು ಕೈ ಚಾಚಿದೆ. ಯಾಕೆ ಚಾಚಿದೆ? ಗೊತ್ತಿಲ್ಲ, ಕೈ ತಾನೇ ಹೋಯಿತು. ಆಕೆ ಟಿಕೆಟ್ ಕೊಟ್ಟಳು. ಹಾವೇರಿಯಿಂದ ಬ್ಯಾಡಗಿಗೆ. ಸರಿಯಾಗಿತ್ತು. ಪೆನ್ಸಿಲಿನಿಂದ ಗೀರು ಹಾಕಿ ವಾಪಸು ಕೊಟ್ಟೆ. ಆಕೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಮುಂದಿನ ಸೀಟಿನವನನ್ನು ಟಿಕೆಟ್ ಕೇಳಿದೆ. ಕೆಳಗಿಳಿದೆ. ಬಸ್ಸು ಹೋಯಿತು.

ಜೊತೆಯವರಿಗೆ ತಲೆನೋವೆಂದು ಹೇಳಿ ಮುಂದಿನ ಬಸ್ಸು ಹತ್ತಿದೆ. ಆ ದಲಾಲನಿಗೆ ಏನೆನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಮುಂಬಾಗಿಲಿಗೆ ಬೀಗವಿಲ್ಲ, ಒಳಗಿನಿಂದ ಅಗಳಿ. ಕಟ್ಟೆಯ ಮೇಲೆ ಮೀಟರಿನ ಚಕ್ರ ಭರ್ರೆಂದು ತಿರುಗುತ್ತಿತ್ತು. ಒಳಗೆ ಗುರ್ರ್ ಎನ್ನುವ ಸದ್ದು. ಕಾಕಾನ ಮನೆ ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋದೆ. ಬಾಗಿಲು ತೆರೆದೇ ಇತ್ತು.

ಒಳಗೆ ಗಾಳಿಯೇ ಕೆಂಪು. ಅಪ್ಪ ಮಲಗುತ್ತಿದ್ದ ಜಾಗದಲ್ಲಿ ಖಾರ ಪುಡಿ ಮಾಡುವ ಸಣ್ಣ ಗಿರಣಿ. ಮೂಗಿಗೆ ಬಟ್ಟೆ ಕಟ್ಟಿಕೊಂಡ ನಾಲ್ಕಾರು ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಸಕೀನಾಬಿ ಪುಡಿ ತೂಗಿ ಪಾಕೀಟು ಮಾಡುತ್ತಿದ್ದರು. ದ್ರಾಕ್ಷಾಯಿಣಿ ಗಿರಣಿಯ ಬಾಯಿಗೆ ಕಾಯಿ ಸುರಿಯುತ್ತಿದ್ದಳು.

ಗಂಡಸರು ಯಾರೂ ಇರಲಿಲ್ಲ.

ಜೋಡಿಸಿಕೊಂಡಿದ್ದ ಮಾತು ಆಡಲು ಬಾಯಿ ತೆರೆದೆ. ಸೀನು. ಮತ್ತೆ ಸೀನು. ಕಣ್ಣು ಮೂಗು ಸುರಿದು ಬಾಗಿಲು ಹಿಡಿದು ಬಗ್ಗಿಬಿಟ್ಟೆ. ಸಕೀನಾಬಿ ನೀರು ತಂದು ಕೈಗಿಟ್ಟರು. ದ್ರಾಕ್ಷಾಯಿಣಿ ಗಿರಣಿ ಬಂದ್ ಮಾಡಿ, ಮುಖದ ಬಟ್ಟೆ ಬಿಚ್ಚಿ ನನ್ನನ್ನು ಹಿತ್ತಲಿಗೆ ಕರೆತಂದಳು.

ಯಾರನ್ನು ಕೇಳಿ ಗಿರಣಿ ಹಾಕಿದೆ ಎಂದೆ. ಅದೊಂದೇ ಮಾತು ಬಂತು.

"ಯಾರನ್ನೂ ಕೇಳಿಲ್ರಿ. ನೀವು ಬ್ಯಾಡ ಅಂದಿದ್ರ ಅದೊಂದ ದಿನದ ಸಂಕಟ. ಹೂಂ ಅಂದಿದ್ರ ದಿನಾ ತಪಾಸಣಿ. ಅದಕ್ಕ ಅಂಜಿ ಹೇಳಲಿಲ್ಲ."

ಅದಕ್ಕೆ ಸುಳ್ಳು ಹೇಳುವುದೇ, ನಾನು ಏನೇನು ತಿಳಿದುಕೊಂಡೆ ಗೊತ್ತೇ ಎಂದೆ. ಗೊತ್ತು ಅಂದಳು. ಬೀಗದ ಕೈಗೆ ಸುತ್ತಿದ ನೂಲು ಕಂಡಾಗಲೇ ಗೊತ್ತಾಯಿತಂತೆ.

"ಬಸ್ಸಿನ್ಯಾಗ ಟಿಕೆಟ್ ಕೇಳಿದ್ರಿ. ತಗೊಂಡಿದ್ದೆ, ಕೊಟ್ಟೆ. ಮನಿಯಾಗೂ ಲಗ್ನ ಆದಾಗಿಂದ ಕೇಳಾಕತ್ತೀರಿ. ಅಲ್ಲಿ ಏನ್ ಕೊಡ್ಲಿ ನಾ?"

ಒಳಗೆ ಗಿರಣಿ ಮತ್ತೆ ಶುರುವಾಯಿತು.

ಸಂಜೆ ಆಕೆ ಹಾವೇರಿಗೆ ಬರಲಿಲ್ಲ.

೧೩ ಫೆಬ್ರವರಿ

ಬಂದಿಲ್ಲ.

೨೦ ಫೆಬ್ರವರಿ

ಅಬ್ರಾರನ ಕೈಯಲ್ಲಿ ಹೇಳಿಕಳಿಸಿದ್ದಾಳೆ. ಸೀಜನ್ ಮುಗಿಯುವವರೆಗೆ ಅಲ್ಲೇ ಇರುತ್ತಾಳಂತೆ. ವ್ಯಾಪಾರದ ಕನೆಕ್ಷನ್ನಿಗೆ ಅರ್ಜಿ ಕೊಟ್ಟಿದ್ದಾಳಂತೆ, ಇನ್ನು ಬಿಲ್ಲು ತಾನೇ ಕಟ್ಟುತ್ತಾಳಂತೆ. ಮನೆಯ ಮಾಲೀಕನೆಂದು ನನ್ನ ಸಹಿ ಬೇಕು, ಕಾಗದ ಕೊಟ್ಟು ಕಳಿಸಿದ್ದಾಳೆ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ, ಸಂಸ್ಥೆಯ ಕಂಡಕ್ಟರನ ಕೈಯಲ್ಲಿ ಹೆಂಡತಿಯ ಕಾಗದ. ಅವನು ತಲೆ ಎತ್ತಲಿಲ್ಲ. ಒಳ್ಳೆಯ ಹುಡುಗ. ಅಥವಾ ನಗು ತಡೆದುಕೊಂಡಿದ್ದನೋ.

ಗಿರಣಿಗೆ ದುಡ್ಡು ಯಾರು ಕೊಟ್ಟರು? ಇದು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಸಹಿ ಹಾಕಿಲ್ಲ.

೨೬ ಫೆಬ್ರವರಿ, ರವಿವಾರ

ದುಡ್ಡು ಯಾರದೆಂದು ಕೇಳಲು ಮರಿಯವ್ವನಲ್ಲಿಗೆ ಹೋದೆ. ಅವಳು ನನ್ನನ್ನೇ ನೋಡುತ್ತ ಕೂತಳು. ದ್ರಾಕ್ಷಾಯಿಣಿ ದಸರೆಯಲ್ಲೇ ಬೆಂಡೋಲೆ ಮಾರಿದಳು, ಅಂದಿನಿಂದ ಬೋಳು ಕಿವಿಯಲ್ಲಿ ನಿಮ್ಮ ಮುಂದೆ ಓಡಾಡುತ್ತಿದ್ದಾಳೆ, ನೋಡಲಿಲ್ಲವೇ ಎಂದಳು.

ಬಸ್ಸು ತುಂಬಿದ್ದರೂ ಎಲ್ಲರ ಪಾದ ನೋಡುತ್ತೇನೆ.

ಬಂದು ಸಹಿ ಹಾಕಿದೆ.

೫ ಮಾರ್ಚ್

ಬ್ಯಾಡಗಿಗೆ ಹೋದೆ. ಮೊದಲು ಕಾಕಾನ ಮನೆಗೆ. ಅವರು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ತಪ್ಪಾಯಿತು ಎಂದೆ. ಹೊಸೆಯುವುದು ನಿಲ್ಲಲಿಲ್ಲ.

"ತಮ್ಮಾ, ಅವತ್ತು ಅಂವ ಏಣಿ ಹತ್ತಿದಾಗ ಒಂದ ಮಾತು ಅಂದಿದ್ರ ನನ್ನ ಮಾನ ಉಳೀತಿತ್ತು. ಆದ್ರ ಆ ಹುಡುಗಿ ನನ್ನ ನಂಬಿ ಗಿರಣಿ ಹಾಕಿತ್ತು. ಹೆಂಗ ಹೇಳ್ಲಿ?"

ಕ್ಷಮಿಸಿದೆ ಎನ್ನಲಿಲ್ಲ. ಕೂರು ಎಂದರು. ಕೂತೆ. ಹಗ್ಗದ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. ನಮಾಜಿನ ಹೊತ್ತಾಗುವವರೆಗೆ ಹಿಡಿದುಕೊಂಡು ಕೂತೆ.

ದ್ರಾಕ್ಷಾಯಿಣಿ ಚಹಾ ಕೊಟ್ಟಳು, ನೆಂಟರಿಗೆ ಕೊಡುವ ಹಾಗೆ, ತಟ್ಟೆಯಲ್ಲಿ ಕಪ್ಪಿಟ್ಟು. ಹೆಂಗಸರು ಸುಮ್ಮನಾಗಿಬಿಟ್ಟರು, ನಾನು ಎದ್ದಮೇಲೆ ಮಾತು ಶುರುವಾದದ್ದು ಓಣಿಯವರೆಗೂ ಕೇಳಿಸಿತು. ನನ್ನ ಬಗ್ಗೆಯೇ ಇರಬೇಕು. ಇರಲಿಕ್ಕಿಲ್ಲ.

೨ ಏಪ್ರಿಲ್

ಪ್ರತಿ ರವಿವಾರ ಹೋಗುತ್ತಿದ್ದೇನೆ. ಯಾವಾಗ ಬರುತ್ತೀ ಎಂದು ಕೇಳುವುದಿಲ್ಲ. ಕೇಳಿದರೆ ಅದೂ ತಪಾಸಣೆಯೇ. ಪಾಕೀಟಿನ ಬಾಯಿಯನ್ನು ಮೇಣದಬತ್ತಿಯ ಉರಿಯಲ್ಲಿ ಅಂಟಿಸುವುದು ಕಲಿತೆ. ಬೆರಳು ಸುಟ್ಟಿತು. ಆಕೆ ನಕ್ಕಳು, ಬಟ್ಟೆ ಕಟ್ಟಿಕೊಂಡಿದ್ದಳಾದರೂ ಕಣ್ಣಲ್ಲಿ ಗೊತ್ತಾಯಿತು.

ಸೀಜನ್ ಮುಗಿಯುತ್ತ ಬಂತು. ಮುಗಿದ ಮೇಲೆ ಏನೆಂದು ಆಕೆಯೂ ಹೇಳಿಲ್ಲ.

೩೦ ಏಪ್ರಿಲ್, ರವಿವಾರ, ಬೆಳಿಗ್ಗೆ

ಹೋದ ವಾರ ಬಾಗಿಲವರೆಗೆ ಬಂದಿದ್ದಳು. "ಮುಂದಿನ ರವಿವಾರ ಗಿರಣಿ ಬಂದ್ ಇರತೈತ್ರಿ. ಊಟಕ್ಕ ಬರ್ರಿ" ಅಂದಳು.

ವಾರವಿಡೀ ಅದೇ ಯೋಚನೆ. ಯಾಕೆ ಕರೆದಳು? ಬೇರೆ ಯಾರಿರುತ್ತಾರೆ? ಮರಿಯವ್ವನನ್ನೂ ಕರೆಸಿ ಎಲ್ಲರ ಮುಂದೆ ಏನಾದರೂ ತೀರ್ಮಾನ... ನೋಡು, ಮತ್ತೆ ಶುರು. ಊಟಕ್ಕೆ ಕರೆದಿದ್ದಾಳೆ. ಊಟಕ್ಕೆ.

ಬರಿಗೈಯಲ್ಲಿ ಹೋಗುವುದು ಬೇಡ. ಬಸ್ಸಿಗೆ ಇನ್ನೂ ಹೊತ್ತಿದೆ, ಪೇಟೆಯಲ್ಲಿ ಇಳಿದು ಆಕೆಗೆ ಸೇರುವಂಥದ್ದು ಏನಾದರೂ ಕೊಳ್ಳೋಣ. ಮಲ್ಲಿಗೆ ದಂಡೆ? ಅದು ನಮ್ಮವ್ವನಿಗೆ ಸೇರುತ್ತಿತ್ತು. ಪೇಡೆ ನನಗೆ. ಬಾಳೆಹಣ್ಣು ಅಪ್ಪನಿಗೆ. ದ್ರಾಕ್ಷಾಯಿಣಿಗೆ—