ಆಮೆನ್ ಇಲ್ಲದ ಪ್ರಾರ್ಥನೆ

ಇಂಡಿ
೧೮ ಮಾರ್ಚ್ ೨೦೨೫

ಕ್ರಿಸ್ತನಲ್ಲಿ ಪ್ರೀತಿಯ ಮಾರ್ಥಕ್ಕನಿಗೆ,

ನಿನ್ನ ತಂಗಿ ಎಸ್ತೇರಳ ನಮಸ್ಕಾರ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಇವಳು ಉತ್ತರ ಬರೆಯಲಿಲ್ಲ ಎಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ತಲೆ ಚಿಟ್ಟು ಹಿಡಿದು ಎದ್ದುಬಿಡುತ್ತಿದ್ದೆ. ಫೋನು ಮಾಡೋಣವೆಂದರೆ, ನಾನು ಹೇಳಿದ್ದು ನಿನ್ನ ಕಿವಿಗೆ ಮುಟ್ಟುವಷ್ಟರಲ್ಲಿ ನಮ್ಮ ಓಣಿಗೆಲ್ಲ ಮುಟ್ಟಿರುತ್ತದೆ. ಈ ಸುದ್ದಿ ಓಣಿಗೆ ಮುಟ್ಟುವಂಥದ್ದಲ್ಲ. ಮುದ್ದೇಬಿಹಾಳದಲ್ಲಿ ಬಿಸಿಲು ಹೇಗಿದೆ? ಊರಿಗೆಲ್ಲ ಇಂಜೆಕ್ಷನ್ ಚುಚ್ಚಿ ರಿಟೈರಾದ ನರ್ಸಮ್ಮ ತನ್ನ ಮೊಣಕಾಲಿನ ಗುಳಿಗೆಯನ್ನು ಮರೆಯುತ್ತಾಳಂತೆ, ಕೇಳಿ ನಗು ಬಂತು.

ನಮ್ಮ ಚರ್ಚಿನ ಸುಗ್ಗಿ ಆರಾಧನೆ ಈ ಸಲ ಮಾರ್ಚ್ ಎರಡಕ್ಕೆ ಬಿತ್ತು. ಅದು ನಮ್ಮ ಕೂಸು ಹೋದ ದಿನ, ನಿನಗೆ ಹೇಳಬೇಕಿಲ್ಲ. ಎಂದಿನಂತೆ ಬೆಳಿಗ್ಗೆ ಎದ್ದು ಅವಳಿಗೆ ಸೇರುತ್ತಿದ್ದ ಗೋಧಿ ಹುಗ್ಗಿ ಮಾಡಿದೆ. ಎಂದಿನಂತೆ ಇವರು ತಲೆ ತಗ್ಗಿಸಿ ಉಂಡು ಕೈ ತೊಳೆದರು. ಹಿಂದಿನ ದಿನ ಸೊಲ್ಲಾಪುರಕ್ಕೆ ಹೋಗಿ ತಡವಾಗಿ ಬಂದಿದ್ದರು, ದಣಿವೂ ಇತ್ತೇನೋ. ಇಂಗಳೇಶ್ವರದ ಹಾದಿಯ ಆ ಕಾಲುವೆ ಕ್ಯಾಂಪು ಬಿಟ್ಟು ಬಂದಾಗಿನಿಂದ ಅವಳ ಹೆಸರು ಇವರ ಬಾಯಲ್ಲಿ ಒಮ್ಮೆಯೂ ಬಂದಿಲ್ಲ. ಮರೆತಿದ್ದಾರೆ ಎಂದು ನಾನೂ ಸುಮ್ಮನಾಗಿದ್ದೇನೆ. ಇರಲಿ, ಹೇಳಹೊರಟದ್ದು ಅದಲ್ಲ.

ಇವರು ಸಭೆಯ ಹಿರಿಯರಲ್ಲವೇ, ಸುಗ್ಗಿಯ ಪ್ರಾರ್ಥನೆ ಇವರ ಪಾಲಿಗೆ ಬಂತು. ಮುಂದೆ ಜೋಳದ ಸಿವುಡು ನಿಲ್ಲಿಸಿದ್ದರು. ಆರಾಧನೆಯಾದ ಮೇಲೆ ಕೂಗಿ ಲಿಲಾವು ಮಾಡಲೆಂದು ಬದನೆಕಾಯಿ ಬುಟ್ಟಿ, ತತ್ತಿ, ಕಾಲು ಕಟ್ಟಿದ ಎರಡು ಕೋಳಿ. ಇವರು ಕಣ್ಣು ಮುಚ್ಚಿ, "ಜಗತ್ತನ್ನು ಕಟ್ಟಿದ ಮಹಾಶಿಲ್ಪಿಯೇ" ಎಂದು ಶುರು ಮಾಡಿದರು. ನೀರಾವರಿ ಇಂಜಿನಿಯರ್ ಆಗಿದ್ದವರು, ದೇವರನ್ನೂ ತಮ್ಮ ಇಲಾಖೆಗೆ ಸೇರಿಸಿಕೊಂಡರು ಎಂದು ನನಗೆ ಒಳಗೊಳಗೇ ನಗು. ಕಣಕ್ಕೆ ಬಂದ ತೆನೆಗಾಗಿ ಸ್ತೋತ್ರ ಹೇಳಿದರು. ಕಾಳು ಬಲಿಯುವ ಮೊದಲೇ, ಹಾಲುಗಾಳಿನಲ್ಲೇ ಮುರಿದುಬಿದ್ದ ತೆನೆಯನ್ನೂ ನೀನೇ ಎತ್ತಿಟ್ಟುಕೋ ಎಂದರು. ಅಲ್ಲಿ ದನಿ ಯಾಕೋ ಒಡೆಯಿತು. ಈ ವರ್ಷ ಮಂದಿಯ ಬೆಳೆ ಹಕ್ಕಿ ತಿಂದದ್ದಕ್ಕೆ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ "ಹಾಗೆಯೇ ಆಗಲಿ" ಎಂದು ನಿಲ್ಲಿಸಿಬಿಟ್ಟರು.

ಯೇಸುವಿನ ನಾಮದಲ್ಲಿ ಎಂದರೆ ತಾನೇ ನಾವು ಆಮೆನ್ ಎನ್ನುವುದು? ಅದು ಬರಲೇ ಇಲ್ಲ. ಇಡೀ ಸಭೆ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದೆ. ಕೋಳಿ ಒಮ್ಮೆ ಕೊಕ್ ಎಂದಿತು. ಮುಂದಿನ ಸಾಲಿನ ಮುದುಕಿ ರೇಣವ್ವ ಒಂದು ಕಣ್ಣು ತೆರೆದು, "ಮುಗೀತೇನ್ರೀ?" ಎಂದು ಗಟ್ಟಿಯಾಗಿ ಕೇಳಿದಳು. ಹುಡುಗರು ಕಿಸಕ್ಕೆಂದವು. ಇವರ ಮುಖ ಸುಣ್ಣವಾಯಿತು. ಪಾಸ್ಟರ್ ಪ್ರೇಮಕುಮಾರರು ತಾವೇ ಯೇಸುವಿನ ಹೆಸರು ಹೇಳಿ ಮುಗಿಸಿದರು.

ಆ ವಾರದಲ್ಲೇ ಪಾಸ್ಟರ್ ಮನೆಗೆ ಬಂದರು. ಸಿಂದಗಿಯ ಕಡೆಯ ಹುಡುಗ, ಸಭ್ಯ, ಓದಿಕೊಂಡವನು. ಚಹಾ ಕುಡಿದು ಕಪ್ಪು ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಸರ್, ತಪ್ಪ ತಿಳೀಬ್ಯಾಡ್ರಿ. ಆ ಪ್ರಾರ್ಥನಿ ಎಲ್ಲಿದ್ರಿ?"

ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. "ಸೊಲ್ಲಾಪುರದ ನಮ್ಮ ಫ್ರೀಮೇಸನ್ ಸಂಘದ್ರಿ. ಬಾಯಿರೂಢಿ, ಬಂದುಬಿಡ್ತು" ಎಂದರು.

ತಿಂಗಳಿಗೊಮ್ಮೆ ಶನಿವಾರ ಇವರು ಕರಿ ಚೀಲ ಹಿಡಿದು ಹೋಗುವುದು ನಿನಗೆ ಗೊತ್ತಿದೆ. ನಾನು ಅದನ್ನು ಸಾಹೇಬರ ಕ್ಲಬ್ಬು ಎಂದುಕೊಂಡಿದ್ದೆ. ಚೀಲದಲ್ಲಿ ಕುರಿಮರಿಯ ಚರ್ಮದ ಒಂದು ಬಿಳಿ ಏಪ್ರನ್ ಇದೆ. ಗೌಂಡಿಗಳ ಗುರುತಂತೆ ಅದು. ಗೋಡೆ ಕಟ್ಟುವ ಗೌಂಡಿಗಳಿಂದ ಶುರುವಾದ ಸಂಘ, ಈಗ ಅದರಲ್ಲಿ ಒಬ್ಬನೂ ಗೌಂಡಿಯಿಲ್ಲ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಜುಲ್ಫಿಕರ, ಎಣ್ಣೆ ಗಿರಣಿಯ ಕಾಂತು, ಇಂಥವರೇ ಎಲ್ಲ.

ಪಾಸ್ಟರ್ ಕೇಳಿದರು: "ಅಲ್ಲಿ ಯೇಸುವಿನ ಹೆಸರಿಲೆ ಪ್ರಾರ್ಥನಿ ಮಾಡಾಕ ಬಿಡ್ತಾರೇನ್ರಿ?"

"ಯಾರ ದೇವರ ಹೆಸರೂ ತಗೊಳ್ಳೂದಿಲ್ರಿ. ಮೇಜಿನ ಮ್ಯಾಲೆ ನಮ್ಮ ಸತ್ಯವೇದ, ಜುಲ್ಫಿಕರನ ಕುರಾನ್, ಕಾಂತೂನ ಗೀತಾ, ಮೂರೂ ಇರ್ತಾವ. ಎಲ್ಲಾರೂ ಕೂಡಿ ಕರೀಬಹುದಾದ ಹೆಸರಿಲೆ ಕರೀತೇವಿ."

"ಎಲ್ಲಾರಿಗೂ ಒಪ್ಪೂ ಹೆಸರಂದ್ರ ಯಾರ ಹೆಸರೂ ಅಲ್ರಿ ಸರ್. ಒಳಗ ಏನೈತಿ ಅಂತ ತಿಳಿಯೂ ಮೊದಲ ಆಣಿ ಮಾಡಿಸ್ತಾರಂತ. ನಮ್ಮ ಕರ್ತ ಗುಟ್ಟಿನ್ಯಾಗ ಏನೂ ಹೇಳಲಿಲ್ಲ. ಬಾಗಲಾ ಹಾಕ್ಕೊಂಡು ಹೇಳೂವಂಥಾದ್ದು ಏನಿರತೈತ್ರಿ?"

"ನಾನೇನು ಯೇಸುಸ್ವಾಮೀನ ಬಿಟ್ಟೇನೇನ್ರಿ?" ಎಂದರು ಇವರು. "ಕಾಲುವಿಗೆ ನೀರು ಬಿಡೂ ಮುಂದ ಯಾರ ಹೊಲಾ ಅಂತ ಕೇಳ್ತಿದ್ದಿಲ್ಲ ನಾನು. ಅಲ್ಲಿ ಕುಂತಾಗ ನನಗ ಹಂಗ ಅನಸತೈತಿ, ಅಷ್ಟ."

ಅಕ್ಕಾ, ಪಾಸ್ಟರ್ ಮಾತಾಡಿದಾಗ ಪಾಸ್ಟರೇ ಸರಿ. ಇವರು ಮಾತಾಡಿದಾಗ ಇವರೇ ಸರಿ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೇಗಿಲು ನಾನು. ಕೊನೆಗೆ ಪಾಸ್ಟರ್ ಎದ್ದು ನಿಂತು ಬಹಳ ಸಂಕಟದಿಂದ ಹೇಳಿದರು: ಶುಭ ಶುಕ್ರವಾರದ ಹಿಂದಿನ ಸಂಜೆಯ ಪ್ರಭುಭೋಜನದೊಳಗೆ ಇವರು ಆ ಸಂಘ ಬಿಟ್ಟೆನೆಂದು ಬರೆದುಕೊಡಬೇಕು. ಇಲ್ಲವಾದರೆ ರೊಟ್ಟಿ ಮತ್ತು ದ್ರಾಕ್ಷಾರಸದ ಪಾತ್ರೆ ಇವರಿಗೆ ಕೊಡಲಾಗದು.

ನಮ್ಮ ಅಜ್ಜಿ ಚಂದವ್ವ ನೆನಪಾದಳು. ಕುರಿಹಟ್ಟಿಯಲ್ಲಿ ಹುಟ್ಟಿ, ದೊಡ್ಡವಳಾದ ಮೇಲೆ ದೀಕ್ಷಾಸ್ನಾನ ತೆಗೆದುಕೊಂಡವಳು. ಸಾಯುವ ತನಕ ಸೆರಗಿನ ಗಂಟಿನಲ್ಲಿ ಕುರುಬರ ದೇವರು ಮಾಳಿಂಗರಾಯನ ಅರಿಸಿನದ ಭಂಡಾರ ಇತ್ತು, ನೀನೇ ಬಿಚ್ಚಿ ತೋರಿಸಿದ್ದೆಯಲ್ಲ. ಕೇಳಿದರೆ, "ಯೇಸುಸ್ವಾಮಿ ದೊಡ್ಡಾಂವ. ಚಿಟಿಕಿ ಭಂಡಾರಕ್ಕ ಹೊಟ್ಟಿಕಿಚ್ಚು ಪಡೂದಿಲ್ಲ" ಎನ್ನುತ್ತಿದ್ದಳು. ಅವಳಿಗೆ ಯಾರೂ ಪಾತ್ರೆ ತಪ್ಪಿಸಲಿಲ್ಲ. ಯಾರಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ. ಅಜ್ಜಿಯ ಅರಿಸಿನ ನಡೆಯುವುದಾದರೆ ಇವರ ಏಪ್ರನ್ ಯಾಕೆ ನಡೆಯಬಾರದು? ಅಥವಾ ಅಜ್ಜಿಯದೂ ತಪ್ಪೇ ಆಗಿತ್ತೋ?

ಜುಲ್ಫಿಕರನ ಹೆಂಡತಿ ಶಕೀಲಳನ್ನೂ ಕೇಳಿದೆ, ಅಲ್ಲಿ ಇವರೆಲ್ಲ ಏನು ಮಾಡುತ್ತಾರೆ ಎಂದು. ಅವಳು ನಕ್ಕು, "ನಮ್ಮ ಮನ್ಯಾಗೂ ಮೌಲ್ವಿಸಾಬ್ರು ಇದ ಪಂಚಾಯ್ತಿ ತಗದಾರ ಅಕ್ಕಾ. ಏನರೆ ಮಾಡ್ಲಿ, ತಿಂಗಳಿಗೊಂದ ದಿನಾ ಮನಿ ಬಿಟ್ಟು ಹೋಗ್ತಾರಲ್ಲ, ಅದ ದೊಡ್ಡ ಬರಕತ್ತು" ಎಂದಳು. ನನಗೆ ನಗಲು ಆಗಲಿಲ್ಲ. ಈ ವಯಸ್ಸಿನಲ್ಲಿ ಇವರನ್ನು ಬೆಂಚಿನಲ್ಲಿ ಬಿಟ್ಟು ನಾನೊಬ್ಬಳೇ ಎದ್ದು ಹೋಗಿ ಪಾತ್ರೆಗೆ ಬಾಯಿ ಹಚ್ಚುವುದು ಹೇಗೆ?

ನೀನೇ ಹೇಳು. ಕ್ರೈಸ್ತನಾದವನು ಫ್ರೀಮೇಸನ್ ಆಗಿರಬಹುದೋ, ಬಾರದೋ? ಹೌದು ಇಲ್ಲ ಒಂದೇ ಮಾತಿನಲ್ಲಿ ಬರೆ. ಕರ್ತನು ನಿನ್ನನ್ನು ಕಾಯಲಿ, ನಿನ್ನ ಮೊಣಕಾಲನ್ನೂ.

ನಿನ್ನ
ಎಸ್ತೇರ


ಇಂಡಿ
೨೧ ಏಪ್ರಿಲ್ ೨೦೨೫

ಪ್ರೀತಿಯ ಅಕ್ಕನಿಗೆ,

ಪುನರುತ್ಥಾನದ ಶುಭಾಶಯ. ಮತ್ತೆ ತಡವಾಯಿತು, ಮತ್ತೆ ಕ್ಷಮಿಸು. ಹಬ್ಬದ ಕೆಲಸ, ಮೇಲೆ ಈ ಬಿಸಿಲು.

ಒಂದೇ ಮಾತಿನಲ್ಲಿ ಬರೆ ಎಂದರೆ ನೀನು ಪ್ರಶ್ನೆಗೆ ಪ್ರಶ್ನೆ ಹಾಕಿದೆ. "ಪ್ರಾರ್ಥನೆ ಹೇಗೆ ಮುಗಿಯಿತು ಎಂದು ಅಷ್ಟುದ್ದ ಬರೆದಿದ್ದೀಯಲ್ಲ, ಆ ಮನುಷ್ಯ ಕೇಳಿಕೊಂಡದ್ದೇನು ಎಂದು ನೀನು ಅವರನ್ನು ಕೇಳಿದೆಯಾ?" ಎಂದು. ಓದಿ ನನಗೆ ಸಿಟ್ಟೇ ಬಂತು. ನಾನು ಪಾತ್ರೆಯ ಚಿಂತೆಯಲ್ಲಿದ್ದರೆ ಇವಳು ಪ್ರಾರ್ಥನೆಯ ಅರ್ಥ ಕೇಳುತ್ತಾಳಲ್ಲ ಎಂದುಕೊಂಡು ಪತ್ರ ಮಡಚಿಟ್ಟೆ. ಕೇಳಲಿಲ್ಲ.

ಕೇಳುವುದರ ಬದಲು ಹಟ ಹಿಡಿದೆ. ಗರಿಗಳ ಭಾನುವಾರ ಚರ್ಚಿನಿಂದ ಬಂದ ಮೇಲೆ ಇವರ ಮುಂದೆ ಕೂತು, "ಯೇಸುಸ್ವಾಮಿ ಸಲುವಾಗಿ ಅಲ್ದಿದ್ರ ಬಿಡ್ರಿ, ನನ್ನ ಸಲುವಾಗಿ ಬಿಟ್ಟುಬಿಡ್ರಿ. ಮಂದಿ ನಡುವ ನಾ ಒಬ್ಬಾಕೀನ ಎದ್ದು ಹೋಗಲಾರೆ" ಎಂದು ಅತ್ತುಬಿಟ್ಟೆ.

ಇವರು ಕೈಯಲ್ಲಿದ್ದ ಸತ್ಯವೇದವನ್ನು ಕೆಳಗಿಟ್ಟರು. "ನಿನಗ ಅಷ್ಟು ತ್ರಾಸ ಆಗಾಕತ್ತೈತೇನು?" ಎಂದರು. ಹೌದು ಎಂದೆ. "ಆತು ಬಿಡು" ಎಂದರು. ಅಷ್ಟೇ. ಮರುದಿನ ಬರೆದು ಪಾಸ್ಟರಿಗೆ ಕೊಟ್ಟರು, ಕರಿ ಚೀಲವನ್ನು ಜುಲ್ಫಿಕರನ ಅಂಗಡಿಯಲ್ಲಿ ಇಟ್ಟು ಬಂದರು. ನಾನು ಗೆದ್ದೆ ಎಂದುಕೊಂಡೆ. ಆ ದಿನ ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಅರ್ಧ ರೊಟ್ಟಿ ಉಂಡು ಎದ್ದರು.

ಗುರುವಾರ ಸಂಜೆ ಜೋಡಿಯಾಗಿಯೇ ಮುಂದೆ ಹೋಗಿ ಮೊಣಕಾಲೂರಿದೆವು. ಪಾಸ್ಟರ್ ಪಾತ್ರೆಯನ್ನು ಮೊದಲು ಇವರಿಗೇ ಕೊಟ್ಟರು. ಒಳ್ಳೆಯ ಹುಡುಗ, ಅವರ ಮೇಲೆ ನನಗೆ ಬೇಸರವಿಲ್ಲ. ತಾವು ಕಲಿತದ್ದನ್ನು ಹೇಳಿದರು, ನೋಯಿಸಬೇಕೆಂದು ಹೇಳಲಿಲ್ಲ. ನಿನ್ನೆ ಹಬ್ಬದಲ್ಲಿ ರೇಣವ್ವ ಇವರ ಕೈ ಹಿಡಿದು, "ಈಗ ನಮ್ಮಾಂವ ಆದಿ ನೋಡಪ್ಪ" ಎಂದಳು. ಇವರು ನಕ್ಕರು. ಮೊದಲು ಯಾರವರಾಗಿದ್ದರು ಇವರು ಎಂದು ನನಗೆ ಕೇಳಬೇಕೆನಿಸಿತು, ಕೇಳಲಿಲ್ಲ.

ಇಲ್ಲಿ ಎಲ್ಲ ಸುಖ. ನಿನ್ನ ಆರೋಗ್ಯ ನೋಡಿಕೋ, ಬಿಸಿಲಲ್ಲಿ ತಿರುಗಬೇಡ. ಕೂಸಿನ ಗೋರಿಗೆ ಈ ಸಲವೂ ನೀನೇ ಹೂವಿಟ್ಟು ಬಂದೆ ಎಂದು ಬರೆದಿದ್ದೆ, ದೇವರು ನಿನಗೆ ಒಳ್ಳೆಯದು ಮಾಡಲಿ. ಎದ್ದು ಬಂದ ಕರ್ತನ ಸಮಾಧಾನ ನಿನ್ನ ಮನೆಯಲ್ಲಿರಲಿ.

ನಿನ್ನ
ಎಸ್ತೇರ

ತಾ.ಕ.: ಅಂಟು ಹಚ್ಚಿದ ಪಾಕೀಟನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಶನಿವಾರ ಇವರು ಹಬ್ಬದ ಪೆಂಡಾಲು ಹಾಕಿಸಲು ಚರ್ಚಿಗೆ ಹೋಗಿದ್ದಾಗ ಜುಲ್ಫಿಕರ ಬಂದ, ಕೈಯಲ್ಲಿ ಆ ಕರಿ ಚೀಲ. "ವೈನಿ, ಇದು ಸಾಹೇಬ್ರದ ಐತ್ರಿ. ಸಂಘ ಬಿಟ್ರೂ ಇದನ್ನ ತಿರುಗಿ ತಗೊಳ್ಳೂದಿಲ್ರಿ. ಮುಂದ ಮಣ್ಣಿಗೆ ಹೋಗೂವಾಗ ಜೋಡಿ ಇಡೂದು ಇರತೈತಿ" ಎಂದು ನನ್ನ ಕೈಗೆ ಕೊಟ್ಟ. ಹೊರಟವನು ಬಾಗಿಲಲ್ಲಿ ನಿಂತ. "ಒಂದ ಮಾತು ಕೇಳ್ಲೇನ್ರಿ? ಇನ್ನ ಮಾರ್ಚ್ ತಿಂಗಳದಾಗ ನಿಮ್ಮ ಮಗಳು ಸಾಕ್ಷಿ ಸಲುವಾಗಿ ಯಾರು ಪ್ರಾರ್ಥನಿ ಮಾಡ್ಬೇಕ್ರಿ? ಪ್ರತಿ ವರ್ಷಾ ಸಾಹೇಬ್ರು ಕೂಸಿನ ಹೆಸರು ತಗೊಂಡು ಮಾಡ್ತಿದ್ರು. ನಾವೆಲ್ಲಾ ಎದ್ದು ನಿಂತು ಹಾಗೆಯೇ ಆಗಲಿ ಅಂತಿದ್ವಿ. ಅಳ್ತಿದ್ರು ನೋಡ್ರಿ, ಕಾಂತು ಹಿಡಕೊಂಡು ಕುಂದರಸ್ತಿದ್ದ. ನಿಮಗ ಗೊತ್ತಿರತೈತಿ ಬಿಡ್ರಿ."

"ಗೊತ್ತೈತಿ" ಎಂದೆ. ಚಹಾ ಮಾಡಿಕೊಟ್ಟು ಕಳಿಸಿದೆ.

ನನಗೆ ಗೊತ್ತಿರಲಿಲ್ಲ, ಅಕ್ಕಾ. ಇಷ್ಟು ವರ್ಷ ಒಂದೇ ಹುಗ್ಗಿ ಎದುರು ಬದುರು ಕೂತು ಉಂಡೆವು. ಮಗಳನ್ನು ಮರೆತ ಕಲ್ಲು ಮನುಷ್ಯ ಎಂದು ನಾನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಈಗ ನಿನ್ನ ಪ್ರಶ್ನೆ ತಿಳಿಯಿತು. ಹಾಲುಗಾಳಿನಲ್ಲೇ ಮುರಿದುಬಿದ್ದ ತೆನೆ ಎಂದರೆ ಅವಳೇ. ಹಿಂದಿನ ದಿನ ಸೊಲ್ಲಾಪುರದಲ್ಲಿ ಅವಳಿಗಾಗಿ ಹೇಳಿದ ಪ್ರಾರ್ಥನೆಯೇ ಮರುದಿನ ಜೋಳದ ಸಿವುಡಿನ ಮುಂದೆ ಇವರ ಬಾಯಿಗೆ ಬಂದಿತ್ತು. ಸಭೆಯೆಲ್ಲ ಕೊನೆಯ ಮಾತಿಗೆ ಕಾಯುತ್ತಿತ್ತು. ತಾಯಿಯಾದ ನಾನೂ ಅದಕ್ಕೇ ಕಾಯುತ್ತಿದ್ದೆ.

ಜುಲ್ಫಿಕರನ ಮುಂದೆ ಅತ್ತರು, ಕಾಂತುವಿನ ಮುಂದೆ ಅತ್ತರು, ನನ್ನ ಮುಂದೆ ಅಳಲಿಲ್ಲ. ಅದಕ್ಕೆ ಸಿಟ್ಟು ಮಾಡಲೋ, ಅಳಲು ಇದ್ದ ಒಂದು ಜಾಗವನ್ನೂ ನಾನೇ ಬಿಡಿಸಿಬಿಟ್ಟೆನಲ್ಲ ಎಂದು ಎದೆ ಬಡಿದುಕೊಳ್ಳಲೋ, ತಿಳಿಯುತ್ತಿಲ್ಲ. ಚೀಲವನ್ನು ನನ್ನ ಸೀರೆಗಳ ಟ್ರಂಕಿನಲ್ಲಿ ಇಟ್ಟಿದ್ದೇನೆ. ಇವರಿಗೆ ಇನ್ನೂ ಹೇಳಿಲ್ಲ. ಪಾಸ್ಟರಿಗೂ ಹೇಳುವುದಿಲ್ಲ. ಅದು ಸರಿಯೋ ತಪ್ಪೋ ಎಂದು ನಿನ್ನನ್ನೂ ಇನ್ನು ಕೇಳುವುದಿಲ್ಲ.

ಬರುವ ವರ್ಷ ಮಾರ್ಚ್ ಎರಡಕ್ಕೆ ನೀನು ಇಂಡಿಗೆ ಬಾ. ಹುಗ್ಗಿ ಬಡಿಸಿ, ಮಗಳ ಹೆಸರನ್ನು ನಾನೇ ಹೇಳುತ್ತೇನೆ, ಸಾಕ್ಷಿ ಎಂದು. ನನ್ನ ಬಾಯಿ ಕಟ್ಟಿದರೆ ನೀನು ಹೇಳು. ಇವರು ಎದ್ದು ನಿಂತರೆ ನಾವಿಬ್ಬರೂ ಎದ್ದು ನಿಲ್ಲೋಣ.